ಹಳೆ ಬಾಕಿ 1,850: ಕೊಡಗಿನ ಒಂದು ತೋಟದ ಗ್ರಾಚ್ಯುಟಿ ಪ್ರಕರಣ

ಇಲ್ಲಿ ಹೆಸರು, ಊರು, ತೋಟ ಎಲ್ಲವನ್ನೂ ಮರೆಮಾಡಿದ್ದೇನೆ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡಬೇಕಾದ ಹಣ, ಕೇಳಿದ ಕೆಲಸಗಾರ್ತಿಯನ್ನು ಗೌರಕ್ಕ ಅಂತ ಕರೆಯುತ್ತೇನೆ, ಅದು ಅವರ ಹೆಸರಲ್ಲ. ಅಂಕಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಈ ಪ್ರಕರಣ ನಿಂತದ್ದೇ ಅಂಕಿಗಳ ಮೇಲೆ.

ನಾನು ವಕೀಲೆ ಅಲ್ಲ. ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ಬೇಕಾದಲ್ಲಿ ಉಚಿತ ವಕೀಲರನ್ನು ಗೊತ್ತುಮಾಡಿಸುವುದು ನನ್ನ ಕೆಲಸ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. 1987ರ ಕಾಯ್ದೆಯಲ್ಲೇ ಹಾಗಿದೆ. ಇದು ಗೊತ್ತಿಲ್ಲದೆ ಎಷ್ಟೋ ಜನ 'ವಕೀಲರಿಗೆ ಕೊಡೋಕೆ ದುಡ್ಡಿಲ್ಲ' ಅಂತ ಮನೆಯಲ್ಲೇ ಕೂತಿರುತ್ತಾರೆ.

ಹಿನ್ನೆಲೆ

ವಿರಾಜಪೇಟೆ ತಾಲ್ಲೂಕಿನಲ್ಲಿ ಸುಮಾರು 60 ಎಕರೆ ರೊಬಸ್ಟಾ ಕಾಫಿ ತೋಟ. ನೆರಳಿನ ಮರಗಳಿಗೆಲ್ಲ ಮೆಣಸು ಹಬ್ಬಿಸಿದ್ದರು. ಗೌರಕ್ಕ 2001ರ ಜೂನ್‌ನಲ್ಲಿ ಗಂಡನ ಜೊತೆ ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದರು. ಕಳೆ ತೆಗೆಯುವುದು, ಕಪಾತು, ಅಂದರೆ ಕೊಂಬೆ ಕತ್ತರಿಸುವುದು, ಆದ ಮೇಲೆ ಚಿಗುರು ತೆಗೆಯುವುದು, ಕುಯ್ಲು, ಕಣದ ಕೆಲಸ, ಎಲ್ಲ ಮಾಡಿದ್ದರು. ವಾಸ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರಿಗೆ ಅಂತ ಮಾಲೀಕರು ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ ಒಂದರಲ್ಲಿ. ಒಂದು ಕೋಣೆ, ಒಂದು ಅಡುಗೆ ಮೂಲೆ, ಮುಂದೆ ಸಣ್ಣ ಜಗಲಿ. 2011ರಲ್ಲಿ ಗಂಡ ತೀರಿಕೊಂಡರು. ಮಗ ಕುಶಾಲನಗರದಲ್ಲಿ ಡ್ರೈವರ್.

2014ರ ಏಪ್ರಿಲ್ 1ಕ್ಕೆ ತೋಟ ಪಾಲಾಯಿತು. ಮೇಲಿನ ಭಾಗ ದೊಡ್ಡ ಮಗನಿಗೆ, ಲೈನ್ ಇದ್ದ ಕೆಳಗಿನ 22 ಎಕರೆ ಸಣ್ಣ ಮಗನಿಗೆ. ಗೌರಕ್ಕನ ಪಾಲಿಗೆ ಏನೂ ಬದಲಾಗಲಿಲ್ಲ. ಅದೇ ಮನೆ, ತೋಟದ ಲೆಕ್ಕ ಬರೆಯುವ ಅದೇ ರೈಟರ್, ಅದೇ ಶನಿವಾರದ ಸಂಬಳ. ದೊಡ್ಡ ಸಾಹುಕಾರ್ರ ಬದಲು ಸಣ್ಣ ಸಾಹುಕಾರ್ರು, ಅಷ್ಟೇ. ಹಳೇ ತೋಟದಲ್ಲಿ ಪಿಎಫ್ ಹಿಡಿಯುತ್ತಿದ್ದರು. ಪಾಲಾದ ಮೇಲೆ ನಿಲ್ಲಿಸಿದರು. ಇದ್ದ ಹಣವನ್ನು ತೆಗೆಸಿಕೊಟ್ಟರು.

2023ರ ಮಾರ್ಚ್ ಕೊನೆ. ಕುಯ್ಲು ಮುಗಿದು, ಕಣ ಗುಡಿಸಿ, ಚೀಲ ಎಲ್ಲ ಗೋಡೌನ್ ಸೇರಿತ್ತು. ಆವತ್ತು ಸಂಜೆ ಸಾಹುಕಾರರು ಕರೆದು ಹೇಳಿದರು: "ಗೌರಿ, ನಾಳೆಯಿಂದ ಬರೋದು ಬೇಡ. ಆ ಮಂಡಿ ಇಟ್ಕೊಂಡು ಇನ್ನೆಷ್ಟು ದಿನ ಮಾಡ್ತೀಯ." 25,000 ರೂಪಾಯಿ ಮೇಜಿನ ಮೇಲಿಟ್ಟರು. ಮಳೆಗೆ ಮುಂಚೆ ಮನೆ ಖಾಲಿ ಮಾಡು ಅಂದರು. ಗೌರಕ್ಕ ದುಡ್ಡು ಮುಟ್ಟಲಿಲ್ಲ. ಕಾನೂನು ಗೊತ್ತಿದ್ದು ಅಲ್ಲ. "ಮಗನ್ನ ಒಂದ್ಮಾತು ಕೇಳಿ ಹೇಳ್ತೀನಿ ಸಾಹುಕಾರ್ರೆ" ಅಂತ ಬಂದರು. ದುಡ್ಡಿನ ವಿಷಯವನ್ನು ಯಾವಾಗಲೂ ಮನೆಯಲ್ಲಿ ಹೇಳಿಯೇ ತೀರ್ಮಾನ ಮಾಡುವ ಅಭ್ಯಾಸ. ಆ ಅಭ್ಯಾಸವೇ ಉಳಿಸಿತು ಅನ್ನಬಹುದು.

ಸಮಸ್ಯೆ

ಮಗ ಮೇ ತಿಂಗಳಲ್ಲಿ ನನ್ನ ಹತ್ತಿರ ಕರೆದುಕೊಂಡು ಬಂದ. ಅವನಿಗೆ ಗ್ರಾಚ್ಯುಟಿ ಅನ್ನೋ ಪದ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ತೋಟಗಳಿಗೂ ಅನ್ವಯಿಸುತ್ತಿತ್ತು. ಐದು ವರ್ಷ ಸತತ ಸೇವೆ ಆಗಿದ್ದರೆ, ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದಿದ್ದರೆ ಅದೂ ಒಂದು ಪೂರ್ತಿ ವರ್ಷ. ಗೌರಕ್ಕನ ಕೊನೆಯ ದಿನಗೂಲಿ 400. ಹದಿನೈದು ದಿನಕ್ಕೆ 6,000. ಸೇವೆ 21 ವರ್ಷ, ಹತ್ತು ತಿಂಗಳಿಗೆ ಸ್ವಲ್ಪ ಕಡಿಮೆ. ಅಂದರೆ 22 ವರ್ಷ. ಒಟ್ಟು 1,32,000.

ಕೊಡಲು ಬಂದದ್ದು 25,000.

ಮೂವತ್ತು ದಿನದೊಳಗೆ ಮಾಲೀಕರೇ ಲೆಕ್ಕ ಹಾಕಿ ಕೊಡಬೇಕು, ತಡ ಮಾಡಿದರೆ ಬಡ್ಡಿ ಸೇರಿಸಬೇಕು. ಕಾಯ್ದೆ ಹೇಳುವುದು ಇಷ್ಟು. ಈ ಕಡೆ ತೋಟಗಳಲ್ಲಿ ನಾನು ನೋಡಿದ ಮಟ್ಟಿಗೆ, ಕೇಳದೆ ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು. ಎಲ್ಲರೂ ಕೆಟ್ಟವರು ಅಂತಲ್ಲ. ಕಾಫಿ ರೇಟ್ ಬಿದ್ದ ವರ್ಷಗಳ ಭಯ ಅವರಿಗೂ ಇರುತ್ತದೆ. 'ಮನೆ ಕೊಟ್ಟಿದ್ದೀನಿ, ಮಗಳ ಮದುವೆಗೆ ಅಡ್ವಾನ್ಸ್ ಕೊಟ್ಟಿದ್ದೀನಿ, ಇನ್ನೇನು ಕೊಡೋದು' ಅನ್ನೋದು ಸಾಮಾನ್ಯ ಮಾತು. ಅಡ್ವಾನ್ಸ್ ಸಾಲ, ಸಂಬಳದಲ್ಲಿ ಹಿಡಿದುಕೊಂಡು ಆಗಿರುತ್ತದೆ. ಆದರೂ ಅದು ಉಪಕಾರದ ಲೆಕ್ಕದಲ್ಲೇ ಉಳಿದಿರುತ್ತದೆ.

ಮೊದಲು ಮಾಡಿದ್ದು, ಕೆಟ್ಟದ್ದು

ತಪ್ಪು ನನ್ನದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೂನ್ ಮೊದಲ ವಾರ ಒಂದು ರಿಜಿಸ್ಟರ್ ಕಾಗದ ಕಳಿಸಿದೆ. ಕಲಂ ನಂಬರು, ಬಡ್ಡಿ, ದಂಡ ಎಲ್ಲ ಹಾಕಿ ಒಂದೂವರೆ ಪುಟ. ಬರೆದಾಗ ನನಗೇ ಖುಷಿಯಾಗಿತ್ತು.

ಕಾಗದ ಮುಟ್ಟಿದ ನಾಲ್ಕನೇ ದಿನ ಗೌರಕ್ಕನ ಮನೆಗೆ ನೀರು ಬರುವ ವಾಲ್ವ್ ಬಂದ್ ಆಯಿತು. ಉಳಿದ ಐದು ಮನೆಗೆ ನೀರಿತ್ತು. ಪಕ್ಕದ ಮನೆಯವಳು ಕೊಡ ತುಂಬಿಸಿ ಕೊಡುತ್ತಿದ್ದಳು, ಅದೂ ಕತ್ತಲಾದ ಮೇಲೆ. ಹಗಲು ಕೊಟ್ಟರೆ ಮೇಸ್ತ್ರಿ ನೋಡುತ್ತಾನೆ ಅಂತ.

ಮಳೆಯಲ್ಲಿ ನೆನೆದುಕೊಂಡೇ ಗೌರಕ್ಕ ಬಂದರು. ಛತ್ರಿ ಮಡಚಿ ಬಾಗಿಲ ಹತ್ತಿರ ಇಟ್ಟು, ಕೂರಲೂ ಇಲ್ಲ. "ಮೇಡಂ, ಆ ಕಾಗ್ದ ವಾಪಸ್ ತಗೊಂಡ್ಬಿಡಿ. ದುಡ್ಡು ಹೋದ್ರೆ ಹೋಗ್ಲಿ."

ನಾನು ಕಾನೂನು ಹೇಳಲು ಶುರುಮಾಡಿದೆ. ಹಕ್ಕು, ಬಡ್ಡಿ, ಹೆದರಬೇಡಿ, ಇತ್ಯಾದಿ. ಅವರು ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಇವತ್ತು ರಾತ್ರಿ ಸಾಮಾನು ಹೊರಗೆ ಹಾಕಿದ್ರೆ ನಾನು ಎಲ್ಲಿಗೆ ಹೋಗ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ಯಾಕ್ಟರಿ ಕೆಲಸಗಾರನ ಕೆಲಸ ಹೋದರೆ ಮನೆ ಹೋಗುವುದಿಲ್ಲ, ಅಲ್ವಾ? ತೋಟದಲ್ಲಿ ಕೆಲಸ, ಮನೆ, ನೀರು, ಕರೆಂಟು, ಕಟ್ಟಿಗೆ, ಎಲ್ಲ ಒಬ್ಬರದ್ದೇ ಕೈಯಲ್ಲಿ. ಗ್ರಾಚ್ಯುಟಿ ಕೇಳುವುದು ಅಂದರೆ ಮಳೆಗಾಲದಲ್ಲಿ ಸೂರನ್ನು ಪಣಕ್ಕಿಟ್ಟ ಹಾಗೆ. ಇದನ್ನು ನಾನು ಕಾಗದ ಬರೆಯುವ ಮುಂಚೆ ಯೋಚಿಸಬೇಕಿತ್ತು.

ದಾರಿ ಬದಲಿಸಿದ್ದು

ನಮ್ಮ ಪ್ಯಾನೆಲ್‌ನ ವಕೀಲರೊಬ್ಬರು ವಯಸ್ಸಾದವರು. ಹೆಚ್ಚು ಮಾತಿಲ್ಲ. ಅವರು ಹೇಳಿದ್ದು, ದುಡ್ಡಿನ ವಿಷಯ ಒಂದು ತಿಂಗಳು ಎತ್ತಲೇಬೇಡಿ, ನೀರಿನ ವಿಷಯ ಮಾತ್ರ ಮಾತಾಡಿ.

ಇಬ್ಬರೂ ತೋಟಕ್ಕೆ ಹೋದೆವು. ಸಾಹುಕಾರರು ಕಾಫಿ ಕೊಡಿಸಿದರು. ವಕೀಲರು ಗ್ರಾಚ್ಯುಟಿ ಹೆಸರೇ ಎತ್ತಲಿಲ್ಲ. ಮನೆ ಬಿಡಿಸಬೇಕಿದ್ದರೆ ಅದಕ್ಕೆ ಕಾನೂನಿನ ದಾರಿ ಇದೆ, ನೀರು ನಿಲ್ಲಿಸಿ ಬಿಡಿಸುವುದು ದಾರಿಯಲ್ಲ, ನಾಳೆ ಯಾರಾದರೂ ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಸುಮ್ನೆ ನಿಮಗೆ ತಲೆನೋವು ಅಂದರು. ದನಿ ಏರಿಸದೆ, ಕಾಫಿ ಕುಡೀತಾ. ಎರಡು ದಿನದಲ್ಲಿ ನೀರು ಬಂತು.

ಆ ತಿಂಗಳಲ್ಲಿ ಗೌರಕ್ಕ ಇನ್ನೊಂದು ಕೆಲಸ ಮಾಡಿದರು. ಹತ್ತಿರದ ಊರಲ್ಲಿ ತಂಗಿಯ ಮಗಳ ಮನೆ ಇದೆ. ಅಲ್ಲಿಗೆ ಸ್ವಲ್ಪ ಸ್ವಲ್ಪವಾಗಿ ಸಾಮಾನು ಸಾಗಿಸಿದರು. ಮೊದಲು ರೇಷನ್ ಕಾರ್ಡು ಮತ್ತೆ ಬ್ಯಾಂಕ್ ಪಾಸ್‌ಬುಕ್, ಆಮೇಲೆ ಬೀರು, ಆಮೇಲೆ ಏಳು ಕೋಳಿ. ಲೈನ್ ಮನೆಯಲ್ಲಿ ಚಾಪೆ, ಎರಡು ಪಾತ್ರೆ, ಒಲೆ ಮಾತ್ರ ಉಳಿಯಿತು. ಮನೆ ಬಿಡಲಿಲ್ಲ, ಬೀಗ ತಮ್ಮ ಹತ್ತಿರವೇ ಇಟ್ಟುಕೊಂಡರು. ಆದರೆ ಸಾಮಾನು ಹೊರಗೆ ಹಾಕುತ್ತಾರೆ ಅನ್ನೋ ಹೆದರಿಕೆಗೆ ಬುಡವೇ ಇಲ್ಲದ ಹಾಗಾಯಿತು. ಕೋಳಿ ಸಾಗಿಸಿದ ಮಾರನೇ ದಿನ ಬಂದು, "ಈಗ ಬರೀರಿ ಮೇಡಂ" ಅಂದರು. ಆಗಸ್ಟ್‌ನಲ್ಲಿ ಮಡಿಕೇರಿಗೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿದೆವು.

ವಿಚಾರಣೆ

ಮಾಲೀಕರ ಕಡೆಯಿಂದ ಮೂರು ತಕರಾರು ಬಂತು.

ಒಂದು, ಇದು ಕಾಯ್ದೆಯ ಅರ್ಥದಲ್ಲಿ ತೋಟವೇ ಅಲ್ಲ, ಕಾಯಂ ಕೆಲಸಗಾರರು ಆರೇ ಜನ. ಇದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಗ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ನೋಡುತ್ತಿದ್ದದ್ದು 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆ ಚಿಲ್ಲರೆ, ಮತ್ತೆ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ 15 ಜನ ಇದ್ದರೇ ಅಂತ. ಕುಯ್ಲಿನ ಎರಡು ತಿಂಗಳು ಆ 22 ಎಕರೆಯಲ್ಲಿ 30 ಜನಕ್ಕೆ ಕಡಿಮೆ ಇರುತ್ತಿರಲಿಲ್ಲ. ರೊಬಸ್ಟಾ ಆರು ಜನ ಕುಯ್ದು ಮುಗಿಸುತ್ತಾರೆ ಅಂದರೆ ಕೊಡಗಿನಲ್ಲಿ ಯಾರು ನಂಬುತ್ತಾರೆ?

ಎರಡು, 2019ರಲ್ಲಿ ಸೇವೆ ಮುರಿದಿದೆ. ಆ ವರ್ಷ 240 ದಿನ ಆಗಿಲ್ಲ. ಈ 240ರ ಬಗ್ಗೆ ಕೆಲಸಗಾರರಲ್ಲೂ ತಪ್ಪು ಕಲ್ಪನೆ ಇದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಯ್ದೆ ಮೊದಲು ನೋಡುವುದು ಸೇವೆ ಮುರಿಯದೆ ನಡೆದಿದೆಯೇ ಅಂತ. ಕಾಯಿಲೆ, ಅಪಘಾತ, ರಜೆ, ಕೆಲಸಗಾರರ ತಪ್ಪಿಲ್ಲದೆ ಕೆಲಸ ನಿಂತದ್ದು, ಇದ್ಯಾವುದರಿಂದಲೂ ಸೇವೆ ಮುರಿಯುವುದಿಲ್ಲ. ಹೇಳದೆ ಗೈರಾದರೂ, ಅದನ್ನು ಸೇವಾಭಂಗ ಅಂತ ನಿಯಮದ ಪ್ರಕಾರ ಆದೇಶ ಮಾಡಿರದಿದ್ದರೆ ಮುರಿಯುವುದಿಲ್ಲ. ಹಾಗೆ ಮುರಿದಿದ್ದರೆ ಮಾತ್ರ 240 ದಿನದ ಲೆಕ್ಕ ಕೈಹಿಡಿಯುತ್ತದೆ. ಅದು ಕೆಲಸಗಾರರ ಅನುಕೂಲಕ್ಕೆ ಇಟ್ಟ ಎರಡನೇ ಬಾಗಿಲು. ಅದನ್ನೇ ಮೊದಲ ಬಾಗಿಲಿನ ಬೀಗ ಮಾಡಿಕೊಂಡಿದ್ದಾರೆ. 2019ರಲ್ಲಿ ಆಗಿದ್ದಿಷ್ಟು: ಆಗಸ್ಟ್ ಮಳೆಗೆ ತೋಟದ ಕೆಲಸವೇ ಮೂರು ವಾರ ನಿಂತಿತ್ತು, ಮತ್ತೆ ಡಿಸೆಂಬರ್‌ನಲ್ಲಿ ಕಾಫಿ ಚೀಲ ಹೊತ್ತು ಇಳಿಯುವಾಗ ಗೌರಕ್ಕ ಜಾರಿ ಮಂಡಿ ಪೆಟ್ಟಾಗಿ ನಲವತ್ತು ದಿನ ಮಲಗಿದ್ದರು. ಅದೇ ಮಂಡಿ ನೋವನ್ನೇ ಸಾಹುಕಾರರು ಬೇಡ ಅನ್ನುವುದಕ್ಕೆ ಕಾರಣ ಕೊಟ್ಟಿದ್ದು.

ಮೂರನೆಯದು ನಿಜಕ್ಕೂ ಗಟ್ಟಿ ತಕರಾರು. 2014ರ ಮಾರ್ಚ್ 31ಕ್ಕೆ ಹಳೇ ಕೆಲಸ ಮುಗಿದಿದೆ, ಏಪ್ರಿಲ್‌ನಿಂದ ಹೊಸ ಮಾಲೀಕರ ಹತ್ತಿರ ಹೊಸದಾಗಿ ಸೇರಿದ್ದು, ಆದ್ದರಿಂದ ಒಂಬತ್ತೇ ವರ್ಷ, 54,000 ಅಂತ. ಅದಕ್ಕೆ ಎರಡು ಕಾಗದ ತಂದಿದ್ದರು. ಒಂದು, ಗೌರಕ್ಕನ ಹೆಬ್ಬೆಟ್ಟು ಇದ್ದ 'ನನ್ನ ಲೆಕ್ಕವೆಲ್ಲ ಚುಕ್ತಾ' ಪತ್ರ. ಇನ್ನೊಂದು, ಪಿಎಫ್ ಹಣ ತೆಗೆಸಿದ ಫಾರಂನ ನಕಲು, ಕೆಲಸ ಬಿಟ್ಟ ದಿನ 31-3-2014 ಅಂತ ಬರೆದದ್ದು.

ಚುಕ್ತಾ ಪತ್ರದ ಬಗ್ಗೆ ಗೌರಕ್ಕನಿಗೆ ನೆನಪಿತ್ತು. ಪಾಲಾದ ಸಂದರ್ಭದಲ್ಲಿ ಎಲ್ಲರಿಗೂ ಐದೈದು ಸಾವಿರ ಕೊಟ್ಟು ಹೆಬ್ಬೆಟ್ಟು ಹಾಕಿಸಿದ್ದರು. ಬಟ್ಟೆಗೆ ಅಂತ ತಿಳಿದಿದ್ದರು. ಕಾಯ್ದೆಗಿಂತ ಕಡಿಮೆ ಕೊಡುವ ಒಪ್ಪಂದ ಕಾಯ್ದೆಯ ಮುಂದೆ ನಡೆಯುವುದಿಲ್ಲ, ಜಾಸ್ತಿ ಕೊಡುವ ಒಪ್ಪಂದ ನಡೆಯುತ್ತದೆ. ಅವತ್ತಿನ ಕೂಲಿ 180. ಹದಿಮೂರು ವರ್ಷಕ್ಕೆ 35,100 ಆಗಬೇಕಿತ್ತು. 5,000 ಕೊಟ್ಟು ಚುಕ್ತಾ ಅಂದರೆ ಹೇಗೆ?

ಪಿಎಫ್ ಫಾರಂ ನಮ್ಮನ್ನು ನಿಜವಾಗಿ ಹೆದರಿಸಿತ್ತು. ಹೊರಗೆ ಬೆಂಚಿನ ಮೇಲೆ ಕೂತು ವಕೀಲರು ಅದನ್ನು ಓದುತ್ತಾ ಓದುತ್ತಾ ನಕ್ಕರು. ಬಿಟ್ಟ ದಿನದ ಮೇಲಿನ ಸಾಲಿನಲ್ಲೇ ಸೇರಿದ ದಿನ ಇತ್ತು. 4-6-2001. ಮಾಲೀಕರದ್ದೇ ಸಹಿ, ಸೀಲು. ಮೊದಲ ಹದಿಮೂರು ವರ್ಷ ಸಾಬೀತು ಮಾಡಲು ನಾವು ಶಾಲೆಯ ದಾಖಲೆ, ಹಳೇ ಮತದಾರರ ಪಟ್ಟಿ ಎಲ್ಲ ಹುಡುಕುತ್ತಿದ್ದೆವು. ಅದನ್ನು ಅವರೇ ತಂದು ಕೊಟ್ಟಿದ್ದರು. ಇನ್ನು ಉಳಿದದ್ದು ಮಾರ್ಚ್ 31 ಮತ್ತು ಏಪ್ರಿಲ್ 1ರ ನಡುವಿನ ಒಂದು ಗೆರೆ.

ಬಿಸ್ಕೆಟ್ ಡಬ್ಬಿ

'ಸಂಬಳದ ಚೀಟಿ ಏನಾದ್ರೂ ಇದೆಯಾ' ಅಂತ ಮೊದಲ ದಿನವೇ ಕೇಳಿದ್ದೆ. ಇಲ್ಲ ಅಂದಿದ್ದರು. ಚೀಟಿ ಇರಲಿಲ್ಲ ನಿಜ. 'ದುಡ್ಡು ಯಾತರಲ್ಲಿ ಹಾಕಿ ಕೊಡ್ತಿದ್ರು' ಅಂತ ಕೇಳಬೇಕಿತ್ತು.

ಆ ಪ್ರಶ್ನೆ ಕೇಳಿದ್ದು ವಕೀಲರು, ನವೆಂಬರ್‌ನಲ್ಲಿ. ಮುಂದಿನ ವಾರ ಗೌರಕ್ಕ ಒಂದು ತಗಡಿನ ಬಿಸ್ಕೆಟ್ ಡಬ್ಬಿ ತಂದರು. ಮುಚ್ಚಳ ತೆಗೆದರೆ ಮೆಣಸಿನ ವಾಸನೆ. ಹುಳ ಬರದಿರಲಿ ಅಂತ ಒಂದು ಹಿಡಿ ಕಾಳುಮೆಣಸು ಹಾಕಿಟ್ಟಿದ್ದರು. ಆದರೂ ಅಡಿಯ ಕಟ್ಟನ್ನು ಗೆದ್ದಲು ಅರ್ಧ ತಿಂದಿತ್ತು. ಉಳಿದದ್ದು ಕಂದು ಬಣ್ಣದ ಸಣ್ಣ ಸಂಬಳದ ಕವರುಗಳು, ವರ್ಷಕ್ಕೊಂದು ಕಟ್ಟು, ಬಾಳೆನಾರಿನಲ್ಲಿ ಕಟ್ಟಿದ್ದು. 2009ರಿಂದ ಇತ್ತು. ಓದಲು ಬಾರದ ಹೆಂಗಸು ಇಷ್ಟನ್ನು ಯಾಕೆ ಇಟ್ಟುಕೊಂಡರು? ಕೇಳಿದೆ. "ಅಡ್ವಾನ್ಸ್ ಎಷ್ಟು ಮುರ್ದವ್ರೆ ಅಂತ ಮಗ ಓದಿ ಹೇಳೋನು. ಜಾಸ್ತಿ ಮುರ್ಕೊಂಡ್ರೆ ಗೊತ್ತಾಗ್ಬೇಕಲ್ಲ."

ಪ್ರತಿ ಕವರಿನ ಮೇಲೂ ರೈಟರ್ ಪೆನ್ಸಿಲ್‌ನಲ್ಲಿ ಬರೆದದ್ದು. ಬಲಕ್ಕೆ ವಾಲಿದ ಅಕ್ಷರ, ಐದು ಸಾಲು. ಎರಡು ಕವರನ್ನು ಪಕ್ಕಪಕ್ಕ ಇಟ್ಟೆವು.

29-3-14. ಗೌರಿ. 6 ದಿನ, 1,080. ಕಡಿತ 150. ಉಳಿದ ಬಾಕಿ 1,850.

5-4-14. ಗೌರಿ. 6 ದಿನ, 1,080. ಹಳೆ ಬಾಕಿ 1,850. ಕಡಿತ 150, ಉಳಿದದ್ದು 1,700.

ಎರಡೂ ವಾರ ಆರಾರು ದಿನ. ಒಂದು ದಿನವೂ ಬಿಟ್ಟಿಲ್ಲ. ಒಂದೇ ಕೈಬರಹ. ಅಪ್ಪ ಕೊಟ್ಟ ಅಡ್ವಾನ್ಸ್‌ನ ಬಾಕಿ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲದೆ ಮಗನ ಲೆಕ್ಕಕ್ಕೆ ಬಂದಿದೆ. ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಮೊದಲ ವಾರವೇ ಹಳೆ ಬಾಕಿ ಎಲ್ಲಿಂದ ಬಂತು?

ಡಿಸೆಂಬರ್‌ನ ವಿಚಾರಣೆಯಲ್ಲಿ ವಕೀಲರು ಇದನ್ನೇ ಕೇಳಿದರು. ಸಾಲ ಮುಂದುವರಿದಿದೆ ಅಂದಮೇಲೆ ಸೇವೆ ಮುಂದುವರಿಯಲಿಲ್ಲವೇ? ಅಧಿಕಾರಿ ಎರಡೂ ಕವರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ 2014ರ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ತನ್ನಿ ಅಂದರು. ಹಾಜರಿ, ಸಂಬಳದ ಪುಸ್ತಕ ಇಟ್ಟುಕೊಳ್ಳಬೇಕಾದವರು ಮಾಲೀಕರು. ಅದು ಅಣ್ಣನ ಮನೆಯಲ್ಲಿದೆ, ಸಿಗುತ್ತಿಲ್ಲ ಅಂದರು. ಮುಂದಿನ ದಿನಾಂಕ ಜನವರಿ ಕೊನೆಗೆ ಬಿತ್ತು.

ಮುಗಿದ ಬಗೆ

ಜನವರಿ ಅಂದರೆ ಕುಯ್ಲು. ತೋಟದಲ್ಲಿ ಜನ ಇಲ್ಲ, ಅಸ್ಸಾಂನಿಂದ ಬಂದ ಗುಂಪು ಪಕ್ಕದ ತೋಟಕ್ಕೆ ಹೋಗಿದೆ, ಹಣ್ಣು ಗಿಡದಲ್ಲೇ ಒಣಗುತ್ತಿದೆ. ಅಂಥ ಹೊತ್ತಲ್ಲಿ ಒಂದು ದಿನ ಮಡಿಕೇರಿಯಲ್ಲಿ ಕಳೆಯಲು ಯಾರಿಗೂ ಇಷ್ಟವಿಲ್ಲ. ಸಾಹುಕಾರರೇ ಫೋನ್ ಮಾಡಿದರು. "ಮೇಡಂ, ಕೂತು ಮಾತಾಡಿ ಮುಗಿಸೋಣ."

ಅಸಲು 1,32,000 ಪೂರ್ತಿ ಕೊಡುತ್ತಾರೆ, ಎರಡು ಕಂತಿನಲ್ಲಿ. ಬಡ್ಡಿ ಕೇಳಬಾರದು. ಅದಕ್ಕೆ ಬದಲು ಮೇ ಕೊನೆಯವರೆಗೆ ಲೈನ್ ಮನೆಯಲ್ಲಿ ಇರಬಹುದು, ನೀರು ಕರೆಂಟು ಸಮೇತ.

ನಾನು ಬೇಡ ಅಂದೆ. ಬಡ್ಡಿ ವರ್ಷಕ್ಕೆ ಶೇಕಡಾ 10. ಹತ್ತು ತಿಂಗಳಿಗೆ 11,000 ರೂಪಾಯಿ. ಅದು ಅವರದ್ದೇ ದುಡ್ಡು, ಯಾಕೆ ಬಿಡಬೇಕು? ಆದೇಶ ಆದರೆ ಮಾಲೀಕರು ಮೇಲ್ಮನವಿ ಹೋಗಬೇಕಿದ್ದರೂ ಮೊದಲು ಅಷ್ಟೂ ಹಣ ಕಟ್ಟಬೇಕು, ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು, ನಾವೇ ಗೆಲ್ಲುವವರು ಅಂತೆಲ್ಲ ಹೇಳಿದೆ.

ಗೌರಕ್ಕ ಬೆರಳು ಮಡಚಿ ಎಣಿಸಿದರು. ಕುಶಾಲನಗರದಲ್ಲಿ ಮಗ ನೋಡಿಟ್ಟ ಕೋಣೆಗೆ ತಿಂಗಳಿಗೆ 3,000. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ. ಹನ್ನೆರಡು ಸಾವಿರ. "ನನಗೇ ಒಂದು ಸಾವ್ರ ಉಳೀತು ನೋಡಿ" ಅಂದರು. ಮೇ ತಿಂಗಳಲ್ಲಿ ತಂಗಿಯ ಮಗಳ ಮನೆ ಪಕ್ಕ ಒಂದು ಶೀಟಿನ ಮನೆ ಎದ್ದು ನಿಲ್ಲುವುದಿತ್ತು. ಅಲ್ಲಿಯವರೆಗೆ ಜಾಗ ಬೇಕಿತ್ತು. ಲೆಕ್ಕ ಅವರದ್ದೇ ಸರಿ ಅಂತ ಈಗ ಅನ್ನಿಸುತ್ತದೆ. ಅವತ್ತು ಬಸ್ಸಲ್ಲಿ ಬರುವಾಗ ನಾನು ಮುಖ ಊದಿಸಿಕೊಂಡು ಕೂತಿದ್ದೆ.

ಒಪ್ಪಂದವನ್ನು ಅಧಿಕಾರಿಯ ಮುಂದೆಯೇ ಬರೆಸಿದೆವು. ಕಂತು ತಪ್ಪಿದರೆ ಬಡ್ಡಿ ಸಮೇತ ಕೊಡಬೇಕು ಅನ್ನೋ ಒಂದು ಸಾಲನ್ನು ವಕೀಲರು ಸೇರಿಸಿದರು. 66,000 ಆವತ್ತೇ ಖಾತೆಗೆ ಬಂತು. ಎರಡನೇದು ಮಾರ್ಚ್ 15ಕ್ಕೆ ಬರಬೇಕಿತ್ತು, 19ಕ್ಕೆ ಬಂತು. ನಾಲ್ಕು ದಿನ ಅಂತ ಗಲಾಟೆ ಮಾಡಲಿಲ್ಲ.

ಆಮೇಲೆ ನಾವು ಬದಲಿಸಿಕೊಂಡದ್ದು

ಈಗ ಲೈನ್ ಮನೆಯಲ್ಲಿ ಇರುವವರು ಬಂದರೆ ಮೊದಲ ದಿನ ಸೇವೆ, ಸಂಬಳ ಕೇಳುವುದಿಲ್ಲ. ಮನೆ ಯಾರದ್ದು, ಬಿಡಿ ಅಂದರೆ ಎಲ್ಲಿಗೆ ಹೋಗುತ್ತೀರಿ, ಪಂಚಾಯಿತಿಯಲ್ಲಿ ನಿವೇಶನಕ್ಕೆ ಅರ್ಜಿ ಹಾಕಿದ್ದೀರಾ, ಮನೆಯಲ್ಲಿ ಇನ್ಯಾರು ಅದೇ ತೋಟದಲ್ಲಿ ಕೆಲಸ ಮಾಡುತ್ತಾರೆ, ಇಷ್ಟು ಕೇಳುತ್ತೇನೆ. ಇದಕ್ಕೆ ಉತ್ತರ ಸಿಗುವವರೆಗೆ ಕಾಗದ ಇಲ್ಲ. ತಡವಾದರೆ? ಸ್ವಲ್ಪ ತಡವಾಯಿತು ಅಂತ ಗ್ರಾಚ್ಯುಟಿಯ ಹಕ್ಕು ಸತ್ತುಹೋಗುವುದಿಲ್ಲ. ತಡಕ್ಕೆ ಕಾರಣ ಬರೆದು ಅರ್ಜಿ ಕೊಡಬಹುದು.

ಕವರಿನ ವಿಷಯ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದೆ. ಕವರು ಮಾಯವಾಗುತ್ತಿವೆ. ಈಗ ಸಂಬಳ ಫೋನ್‌ಪೇಯಲ್ಲಿ ಬರುತ್ತದೆ, ಅದೂ ಎಷ್ಟೋ ಕಡೆ ಮೇಸ್ತ್ರಿಯ ನಂಬರಿನಿಂದ. ತೋಟದ ಹೆಸರು ಎಲ್ಲೂ ಇಲ್ಲ, ಎಷ್ಟು ದಿನದ ಕೆಲಸ ಅಂತಲೂ ಇಲ್ಲ. ಗುಂಪಿನ ಹತ್ತು ಜನರ ದುಡ್ಡು ಒಬ್ಬನ ಖಾತೆಗೆ ಬಿದ್ದಿರುತ್ತದೆ. ನಾಳೆ ಇಪ್ಪತ್ತು ವರ್ಷದ ಲೆಕ್ಕ ಕೇಳಿದರೆ ಏನು ತೋರಿಸುವುದು? ಸ್ಕ್ರೀನ್‌ಶಾಟ್ ತೆಗೆದಿಡಿ, ವಾರಕ್ಕೊಮ್ಮೆ ರೈಟರ್ ಹತ್ತಿರ ಚೆಕ್‌ರೋಲ್ ಫೋಟೊ ಕೇಳಿ ಅಂತ ಹೇಳುತ್ತೇವೆ. ಕೇಳುವವರು ಕಡಿಮೆ.

ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗ್ರಾಚ್ಯುಟಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಐದು ವರ್ಷ, ಹದಿನೈದು ದಿನ ಅನ್ನೋ ಮೂಲ ಲೆಕ್ಕ ಹಾಗೇ ಇದೆ. ಇಂತಿಷ್ಟೇ ಅವಧಿಗೆ ಅಂತ ಬರೆದು ನೇಮಿಸಿಕೊಂಡವರಿಗೆ ಒಂದು ವರ್ಷಕ್ಕೇ ಸಿಗುತ್ತದೆ. ಕೆಲಸಕ್ಕೆ ತೆಗೆದುಕೊಂಡ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಅಂತಲೂ ಇದೆ. ಗೌರಕ್ಕನ ಹತ್ತಿರ 2001ರಲ್ಲಿ ಅಂಥ ಒಂದು ಹಾಳೆ ಇದ್ದಿದ್ದರೆ ಡಬ್ಬಿ ಬಿಚ್ಚುವ ಕೆಲಸವೇ ಇರುತ್ತಿರಲಿಲ್ಲ. ಲೈನ್ ಮನೆಗಳಲ್ಲಿ ಆ ಹಾಳೆಯನ್ನು ನಾನಿನ್ನೂ ನೋಡಿಲ್ಲ.

ಗೌರಕ್ಕ ಮೇ 28ಕ್ಕೆ ಮನೆ ಬಿಟ್ಟರು. ಬೀಗದ ಕೈಯನ್ನು ಸಾಹುಕಾರರ ಕೈಗೇ ಕೊಟ್ಟು, ಕೊಟ್ಟದ್ದಕ್ಕೆ ಒಂದು ಚೀಟಿ ಬರೆಸಿಕೊಂಡರಂತೆ.

ಮುಂದಿನ ವರ್ಷ ಅದೇ ಲೈನಿನಿಂದ ಇಬ್ಬರು ಬಂದರು. ಒಬ್ಬರದ್ದು ಹನ್ನೆರಡು ವರ್ಷದ ಸೇವೆ, ಇನ್ನೊಬ್ಬರದ್ದು ಒಂಬತ್ತು. ಕತ್ತಲಲ್ಲಿ ಗೌರಕ್ಕನಿಗೆ ನೀರು ಕೊಡುತ್ತಿದ್ದವಳು ಅವರಲ್ಲಿ ಒಬ್ಬಳು. ಕವರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ನಾನು ಪೆನ್ನು ತೆಗೆದೆ. "ಕಾಗ್ದ ಆಮೇಲೆ ಬರೀರಿ ಮೇಡಂ" ಅಂದಳು. ನಿವೇಶನದ ಅರ್ಜಿ ಹಾಕಿ ಎರಡು ವರ್ಷ ಆಗಿದೆಯಂತೆ, ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ಅದನ್ನು ನೋಡಿಕೊಂಡು ಬರೋಣ ಅಂತ ಸೋಮವಾರ ಮೂವರೂ ಪಂಚಾಯಿತಿಗೆ ಹೋದೆವು.